ಬುದ್ಧನ ನಾಡಿನಲ್ಲಿ ಹಿರಿಕಿರಿಯರ ಲೆಕ್ಕ

ಓದುಗರ ಪತ್ರ: ಕೊರಿಯಾದ ಧಾರಾವಾಹಿಗಳಲ್ಲಿ ಒಂದೇ ವರ್ಷ ದೊಡ್ಡವರಿಗೂ ತಲೆಬಾಗಿ ಮಾತಾಡುತ್ತಾರೆ. ಸಾವಿರ ವರ್ಷ ಬೌದ್ಧಧರ್ಮ ಬಾಳಿದ ನಾಡಿನಲ್ಲಿ ಸಮಾನತೆ ಏಕೆ ಉಳಿಯಲಿಲ್ಲ? ಕನ್ಫ್ಯೂಷಿಯಸನ ಅನುಯಾಯಿಗಳು ಅಳಿಸಿಹಾಕಿದರೇ?

ಸಂಪಾದಕರ ಉತ್ತರ: ಅಳಿಸಲು ಅಲ್ಲಿ ಸಮಾನತೆ ಇರಲಿಲ್ಲ. ಕೊರಿಯಾದ ಪ್ರಾಚೀನ ಸಿಲ್ಲಾ ರಾಜ್ಯ 527ರಲ್ಲಿ ಬೌದ್ಧಧರ್ಮವನ್ನು ಒಪ್ಪಿತು. ಅಲ್ಲಿನ ಹುಟ್ಟಿನ ಶ್ರೇಣಿಗೆ 'ಗೊಲ್‌ಪುಮ್', ಅಂದರೆ ಮೂಳೆಯ ದರ್ಜೆ, ಎಂದು ಹೆಸರು. ರಾಜಬಂಧುಗಳ ದರ್ಜೆಗೆ ಸೇರದವನು ಎಷ್ಟೇ ಸಮರ್ಥನಾದರೂ 17 ಅಧಿಕಾರ ಹಂತಗಳಲ್ಲಿ ಮೇಲಿನ ಐದಕ್ಕೆ ಏರುವಂತಿರಲಿಲ್ಲ. ಬೌದ್ಧಧರ್ಮ ಈ ಏಣಿಯನ್ನು ಮುರಿಯಲಿಲ್ಲ, ಅರಮನೆಗೆ ಇನ್ನಷ್ಟು ಎತ್ತರ ಕೊಟ್ಟಿತು. ದೊರೆ ಜಿನ್‌ಪ್ಯೊಂಗನ ಸ್ವಂತ ಹೆಸರು ಶುದ್ಧೋದನ ಎಂಬುದರ ಚೀನೀ ಅನುವಾದ. ರಾಣಿಯ ಹೆಸರು ಮಾಯಾ. ಬುದ್ಧನ ತಂದೆತಾಯಿಯ ಹೆಸರುಗಳು! ಅದೇ ಕಾಲದ ಭಿಕ್ಷು ವೊನ್‌ಗ್ವಾಂಗ್ ಇಬ್ಬರು ಯುವಯೋಧರಿಗೆ ಐದು ಶೀಲ ಬೋಧಿಸಿದ. ಮೊದಲಿನವು ದೊರೆಗೆ ನಿಷ್ಠೆ, ಹೆತ್ತವರ ಸೇವೆ. ಕನ್ಫ್ಯೂಷಿಯಸನ ಪಾಠ ಭಿಕ್ಷುವಿನ ಬಾಯಲ್ಲೇ ಬಂದಿತ್ತು.

ನಿಮ್ಮ ಮಾತು ನಿಜವಾಗುವುದು ಮನೆಯೊಳಗೆ. ಸಿಲ್ಲಾದ ನಂತರ ಬಂದ, ಬೌದ್ಧಧರ್ಮ ಪ್ರಬಲವಾಗಿದ್ದ ಗೊರ್ಯೊ ರಾಜವಂಶದ ಕಾಲದಲ್ಲಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲಿತ್ತು. ಹಿರಿಯರ ತಿಥಿಯನ್ನು ಗಂಡು ಹೆಣ್ಣೆನ್ನದೆ ಸರದಿಯ ಮೇಲೆ ಮಾಡುತ್ತಿದ್ದರು. 1392ರಲ್ಲಿ ಜೋಸನ್ ರಾಜವಂಶ ನವ-ಕನ್ಫ್ಯೂಷಿಯಸ್ ಮತವನ್ನು ರಾಜನೀತಿಯಾಗಿಸಿತು. 1424ರಲ್ಲಿ ದೊರೆ ಸೆಜೊಂಗ್ ಬೌದ್ಧ ಪಂಥಗಳನ್ನು ಎರಡಕ್ಕೆ ಇಳಿಸಿ, 36 ವಿಹಾರಗಳಿಗಷ್ಟೇ ಮನ್ನಣೆ ಉಳಿಸಿದ. ಭಿಕ್ಷುಗಳು ಕೀಳೆನಿಸಿಕೊಂಡರು; ರಾಜಧಾನಿಯೊಳಗೆ ಕಾಲಿಡಬಾರದೆಂಬ ನಿಷೇಧ ತೆರವಾದದ್ದು 1895ರಲ್ಲಿ. ಆದರೂ ಮನೆಗಳು ಬೇಗ ಬಗ್ಗಲಿಲ್ಲ. ತಿಥಿ ಮತ್ತು ಆಸ್ತಿಯ ಸಿಂಹಪಾಲು ಹಿರಿಯ ಮಗನ ಕೈಸೇರುವುದು ಗಟ್ಟಿಯಾದದ್ದು 17ನೆಯ ಶತಮಾನದಿಂದೀಚೆಗೆ. ಅನಾದಿಯೆಂದು ತೋರುವ ಪದ್ಧತಿಯ ವಯಸ್ಸು ಇಷ್ಟೇ. ಹುಟ್ಟಿನ ದರ್ಜೆಗಳನ್ನು 1894ರ ಸುಧಾರಣೆ ರದ್ದು ಮಾಡಿತು. ಕುಟುಂಬದ ಯಜಮಾನನ ಹೆಸರಿನಡಿ ಎಲ್ಲರನ್ನೂ ದಾಖಲಿಸುವ 'ಹೊಜು' ಪದ್ಧತಿ ಮಾತ್ರ 2008ರವರೆಗೂ ದಕ್ಷಿಣ ಕೊರಿಯಾದ ಕಾನೂನಿನಲ್ಲಿತ್ತು. ಹೆಣ್ಣುಮಕ್ಕಳು ಅಷ್ಟು ಕಾಲ ಕಾಯಬೇಕಾಗಿ ಬಂದದ್ದು ನೋವಿನ ಸಂಗತಿ.

ವಿಹಾರದಲ್ಲೂ ಹಿರಿತನವಿದೆ, ಅಳತೆ ಬೇರೆ. ಅಲ್ಲಿ ಎಣಿಸುವುದು ದೀಕ್ಷೆ ಪಡೆದ ಮೇಲಿನ ವರ್ಷಗಳನ್ನು. 50ರಲ್ಲಿ ಈಗಷ್ಟೇ ದೀಕ್ಷೆ ಪಡೆದವರು, 20ರಲ್ಲೇ ಪಡೆದು ಈಗ 30 ದಾಟಿದವರಿಗಿಂತ ಕೆಳಗೆ ಕೂರುತ್ತಾರೆ. ನಮಸ್ಕಾರದಲ್ಲಿ ಎರಡೂ ಧರ್ಮಗಳು ಒಟ್ಟಿಗಿವೆ: ಬದುಕಿರುವ ಹಿರಿಯರಿಗೆ ಒಂದು, ತೀರಿಕೊಂಡವರಿಗೆ ಎರಡು, ಬುದ್ಧನಿಗೆ ಮೂರು. ಹಬ್ಬದ ದಿನ ಅಜ್ಜಿಗೆ ಎರಡು ಸಲ ಅಡ್ಡಬಿದ್ದರೆ ಅಪಶಕುನ.

ಇಂದು ಶ್ರೇಣಿ ಹೆಚ್ಚು ಕಾಣುವುದು ಭಾಷೆಯಲ್ಲಿ. ಹಿರಿಯರ ಊಟಕ್ಕೆ 'ಬಾಪ್' ಅನ್ನದೆ 'ಜಿಂಜಿ' ಅನ್ನಬೇಕು. ಕೊರಿಯನ್ ಕಲಿಯುವ ನಮ್ಮವರು ಎಡವುವುದು 'ದಾಂಗ್‌ಶಿನ್' ಎಂಬಲ್ಲಿ. ನಿಘಂಟು ಅದಕ್ಕೆ 'ನೀವು' ಎನ್ನುತ್ತದೆ, ಆದರೆ ಅದು ಗಂಡಹೆಂಡಿರ ನಡುವಿನ ಮಾತು. ಅಪರಿಚಿತರಿಗೆ ಹೇಳಿದರೆ ಜಗಳಕ್ಕೆ ಕರೆದಂತೆ. ಕನ್ನಡದ 'ನೀವು' ಅಲ್ಲಿ ನಡೆಯದು; ಹುದ್ದೆಯ ಹೆಸರಿಗೆ ಗೌರವಸೂಚಕ 'ನಿಮ್' ಸೇರಿಸಿ ಕರೆಯಿರಿ, ಹುದ್ದೆ ಗೊತ್ತಿಲ್ಲದಿದ್ದರೆ 'ಸೊನ್‌ಸೆಂಗ್‌ನಿಮ್', ಅಂದರೆ ಗುರುಗಳೇ, ಅನ್ನಿ.