ಸೊಂಟಕ್ಕೆ ಪೆಟ್ಟಾಗಿ ಎರಡು ತಿಂಗಳಾಯ್ತು, ನೋವು ಪೂರ್ತಿ ಹೋಗಿಲ್ಲ. ಕೆಲಸಕ್ಕೆ ವಾಪಸ್ ಹೋಗಬಹುದಾ?

ಡಾಕ್ಟರು ಬೇಡ ಅನ್ನದಿದ್ದರೆ ಹೋಗಬಹುದು. ಆದರೆ ಮೊದಲ ದಿನವೇ ಹಳೇ ಕೆಲಸಕ್ಕೆ, ಹಳೇ ವೇಗದಲ್ಲಿ ಕೈ ಹಾಕಬೇಡಿ. 'ನೂರಕ್ಕೆ ನೂರು ವಾಸಿಯಾದ ಮೇಲೇ ಬನ್ನಿ' ಅಂತ ಸೂಪರ್‌ವೈಸರ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ಆ ಮಾತಿಗೆ ಆಮೇಲೆ ಬರ್ತೀನಿ.

ನಾನು ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ನಾಲ್ಕು ವರ್ಷದ ಹಿಂದೆ ರ್ಯಾಕಿನ ಕೆಳಗಿನ ಹಂತದಿಂದ ಒಂದು ಪೆಟ್ಟಿಗೆ ಎತ್ತಿ, ಪಕ್ಕದ ತಳ್ಳುಗಾಡಿಗೆ ಇಡಲು ತಿರುಗಿದೆ. ಆಗ ಏನೂ ಆಗಲಿಲ್ಲ. ಸಂಜೆ ಶೂ ಲೇಸ್ ಬಿಚ್ಚಲು ಬಗ್ಗಿದವನಿಗೆ ಮೇಲೇಳಲು ಆಗಲಿಲ್ಲ. ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿ ನರ ಒತ್ತುತ್ತಿತ್ತು. ಎಡಗಾಲಿನ ಹಿಂಬದಿಯಲ್ಲಿ ಪಾದದವರೆಗೂ ಸೆಳೆತ.

ನೋವು ಸೊನ್ನೆ ಆಗಲಿ ಅಂತ ಹಾಸಿಗೆಯಲ್ಲೇ ಕಾದೆ. ಅದೇ ತಪ್ಪಾಯ್ತು. ಸೊಂಟ ನೋವಿಗೆ ವಾರಗಟ್ಟಲೆ ಮಲಗಿಸುವುದು ಹಳೇ ಪದ್ಧತಿ. ಈಗ ಆದಷ್ಟು ಬೇಗ ಎದ್ದು ಓಡಾಡಿ ಅಂತಾರೆ, ಯಾಕೆಂದರೆ ಮಲಗಿದಷ್ಟೂ ಬೆನ್ನಿನ ಸ್ನಾಯು ಸೊರಗುತ್ತದೆ. ಅದಕ್ಕಿಂತ ಜಾಸ್ತಿ ಸೊರಗಿದ್ದು ನನ್ನ ಧೈರ್ಯ. ಹನ್ನೊಂದನೇ ವಾರದಲ್ಲಿ ನೀರಿನ ಬಿಂದಿಗೆ ನೋಡಿದರೂ ಹೆದರಿಕೆ ಆಗುತ್ತಿತ್ತು.

ಕೊನೆಗೆ ಡಾಕ್ಟರ ಚೀಟಿ ಹಿಡಿದು ಹೋದೆ. ಅದರಲ್ಲಿ ಇದ್ದದ್ದು ಎರಡೇ ಪದ: 'ಹಗುರ ಕೆಲಸ'. ನಿಮ್ಮ ಚೀಟಿಯಲ್ಲೂ ಅದೇ ಇದ್ದರೆ ದಯವಿಟ್ಟು ವಾಪಸ್ ಹೋಗಿ ಬಿಡಿಸಿ ಬರೆಸಿಕೊಳ್ಳಿ. ನಮ್ಮ ಸೂಪರ್‌ವೈಸರ್ ಒಳ್ಳೆಯವರೇ. ಹಗುರ ಅಂದರೆ ಕೂತು ಮಾಡುವ ಕೆಲಸ ಅಂದುಕೊಂಡು, ಬಿಲ್ ಬರೆಯುವ ಮೇಜಿನ ಮುಂದೆ ಎಂಟು ಗಂಟೆ ಕೂರಿಸಿದರು. ನನ್ನ ಸೊಂಟಕ್ಕೆ ನಿಲ್ಲುವುದಕ್ಕಿಂತ ಕೂರುವುದೇ ಕಷ್ಟ. ಮೂರನೇ ದಿನಕ್ಕೆ ಕಾಲಿಗೆ ಬೆಂಕಿ ಇಟ್ಟ ಹಾಗಾಯ್ತು.

ಎರಡನೇ ಚೀಟಿಯಲ್ಲಿ ಡಾಕ್ಟರು ಲೆಕ್ಕ ಹಾಕಿ ಬರೆದರು. ನೆಲದಿಂದ ಏನನ್ನೂ ಎತ್ತಬಾರದು. ಸೊಂಟದ ಎತ್ತರದಲ್ಲಿದ್ದರೆ 5 ಕಿಲೋವರೆಗೆ ಸರಿ. ಒಂದೇ ಸಮ ಅರ್ಧ ಗಂಟೆಗಿಂತ ಜಾಸ್ತಿ ಕೂರಬಾರದು. ಮೊದಲ ಎರಡು ವಾರ ದಿನಕ್ಕೆ 4 ಗಂಟೆ, ಆಮೇಲೆ ನೋಡಿಕೊಂಡು ಏರಿಸುವುದು. ಇದು ನನ್ನ ಲೆಕ್ಕ, ನಿಮ್ಮದು ಬೇರೆ ಇರುತ್ತದೆ. ಆದರೆ ಎಷ್ಟು ಕಿಲೋ, ಎಷ್ಟು ಹೊತ್ತು, ಯಾವ ಎತ್ತರದಿಂದ ಅನ್ನುವ ಮೂರು ಪ್ರಶ್ನೆಗೆ ಉತ್ತರ ಇರಲಿ. ಆ ಚೀಟಿ ನೋಡಿ ನನಗಿಂತ ಸೂಪರ್‌ವೈಸರ್‌ಗೇ ನಿರಾಳ ಆಯ್ತು. ಯಾರಿಗೆ ಏನು ಕೆಲಸ ಹಂಚಬೇಕು ಅಂತ ಅವರಿಗೂ ಗೊತ್ತಾಗಬೇಕಲ್ವಾ?

ಎತ್ತರ, ದೂರ ಎಲ್ಲ ಯಾಕೆ ಅಂತೀರಾ? ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ, ಎಷ್ಟು ಭಾರ ಎತ್ತಬಹುದು ಅನ್ನುವ ಒಂದು ಸೂತ್ರ ಇದೆ. ಭಾರ ಮೈಗೆ ಹತ್ತಿರ, ಸುಮಾರು ಸೊಂಟದ ಎತ್ತರದಲ್ಲಿ, ಹಿಡಿತ ಚೆನ್ನಾಗಿ, ಮೈ ತಿರುಗಿಸದೆ ಅಪರೂಪಕ್ಕೆ ಎತ್ತುವುದಾದರೆ ಮಿತಿ 23 ಕಿಲೋ. ಅದೇ ಭಾರ ಹಿಡಿದ ಕೈ, ಪಾದದ ಗಂಟಿನಿಂದ ಅಳೆದರೆ 50 ಸೆಂಟಿಮೀಟರ್ ಮುಂದೆ ಇದ್ದರೆ ಮಿತಿ ಅರ್ಧಕ್ಕಿಳಿಯುತ್ತದೆ. ನೆಲದಿಂದ ಎತ್ತಿದರೆ, ಮೈ ತಿರುಗಿಸಿದರೆ ಇನ್ನೂ ಕಮ್ಮಿ. ಇದು ಗಟ್ಟಿಮುಟ್ಟಾದವರ ಲೆಕ್ಕ. ನಾನು ಎತ್ತಿದ ಪೆಟ್ಟಿಗೆ ಬರೀ 18 ಕಿಲೋ. ಆದರೆ ನೆಲಮಟ್ಟದಲ್ಲಿ, ಕೈ ಚಾಚಿ, ಸೊಂಟ ತಿರುಗಿಸಿ ಎತ್ತಿದ್ದೆ.

ವಾಪಸ್ ಬಂದಾಗ ಆ ಪೆಟ್ಟಿಗೆಗಳು ಅಲ್ಲೇ ಇದ್ದವು. ನನ್ನ ಬದಲಿಗೆ ಬಂದಿದ್ದ ಹುಡುಗ ನನ್ನ ಹಾಗೇ ಬಗ್ಗಿ ಎತ್ತುತ್ತಿದ್ದ. ಈ ನಡುವೆ ಆದದ್ದು ಇಷ್ಟೇ: 'ಮಂಡಿ ಬಗ್ಗಿಸಿ ಎತ್ತಿ' ಅನ್ನೋ ಒಂದು ಪೋಸ್ಟರ್ ಗೋಡೆ ಮೇಲೆ ಬಂದಿತ್ತು. ಪೋಸ್ಟರ್ ಅಂಟಿಸಿದರೆ ಪೆಟ್ಟಿಗೆ ಹಗುರ ಆಗುತ್ತದಾ? ಎರಡು ಸಲ ಬರೆದು ಕೊಟ್ಟ ಮೇಲೆ ಭಾರದ ಸಾಮಾನು ನಡುವಿನ ಹಂತಕ್ಕೆ ಬಂತು, ಹಗುರದ್ದು ಕೆಳಗೆ ಹೋಯ್ತು. ಅರ್ಧ ದಿನದ ಕೆಲಸ, ಅಷ್ಟೇ. ನಿಮಗೆ ಪೆಟ್ಟಾದ ಜಾಗದಲ್ಲಿ ಏನಾದರೂ ಬದಲಾಗಿದೆಯಾ ಅಂತ ಹೋಗುವ ಮುಂಚೆಯೇ ಕೇಳಿ. ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ.

ಜೊತೆಯವರ ಮಾತಿಗೂ ಸಿದ್ಧರಾಗಿರಿ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದವನ ಚೀಲ ಎಲ್ಲರೂ ಹಿಡಿಯುತ್ತಾರೆ. ಸೊಂಟ ನೋವು ಕಣ್ಣಿಗೆ ಕಾಣಲ್ಲ. 'ಚೆನ್ನಾಗೇ ಇದ್ದೀರಲ್ಲ' ಅಂತ ಒಬ್ಬರು ನಕ್ಕದ್ದಕ್ಕೆ ರೋಷ ಬಂದು ಪೆಟ್ಟಿಗೆ ಎತ್ತಿ, ಎರಡು ದಿನ ಅನುಭವಿಸಿದೆ. ಸುಮ್ನೆ ಚೀಟಿ ತೋರಿಸಿದ್ದರೆ ಮುಗಿಯುತ್ತಿತ್ತು.

ನೋವಿನ ವಿಷಯಕ್ಕೆ ನನ್ನ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಅಳತೆ: ಕೆಲಸದಲ್ಲಿ ಸ್ವಲ್ಪ ನೋವು ಏರಿ ಮರುದಿನ ಬೆಳಿಗ್ಗೆಗೆ ಇಳಿದರೆ ಪರವಾಗಿಲ್ಲ. ಇಳಿಯದಿದ್ದರೆ ಹಿಂದಿನ ದಿನ ಜಾಸ್ತಿ ಮಾಡಿದ್ದೀರಿ ಅಂತ ಅರ್ಥ. ಕಾಲಲ್ಲಿ ಬಲ ಕಮ್ಮಿಯಾದರೆ ಕೆಲಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ತೊಡೆಸಂದಿನ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ನಾಳೆ ಅನ್ನಬೇಡಿ, ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ.

ಇನ್ನು ಆ ನೂರಕ್ಕೆ ನೂರು. ಸೊಂಟ ಒಮ್ಮೆ ಹಿಡಿದುಕೊಂಡವರಲ್ಲಿ ಎಷ್ಟೋ ಜನಕ್ಕೆ ಆಗಾಗ ಸಣ್ಣ ನೋವು ಇದ್ದೇ ಇರುತ್ತದೆ, ನನಗೂ ಇದೆ. ಹಾಗಾಗಿ ಸೂಪರ್‌ವೈಸರ್ ಹತ್ತಿರ 'ವಾಸಿಯಾಗಿದೆಯಾ, ಇಲ್ಲವಾ' ಅನ್ನೋ ಚರ್ಚೆಗೇ ಇಳಿಯಬೇಡಿ. ಚೀಟಿ ಮುಂದಿಟ್ಟು, 'ಇಷ್ಟು ಮಾಡಬಲ್ಲೆ, ಇದನ್ನು ಮಾಡಲಾರೆ, ಎರಡು ವಾರಕ್ಕೆ ಮತ್ತೆ ಕೂತು ನೋಡೋಣ' ಅನ್ನಿ. ಆಗಲ್ಲ ಅಂದರೆ, ಯಾಕೆ ಆಗಲ್ಲ ಅಂತ ಬರೆದು ಕೊಡಲು ಕೇಳಿ.