ಸೀರೆ ಆರು, ಕೌದಿ ಒಂದು, ಜೋಡಣೆ ಎರಡು

ಹೊಲಿಗೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅವ್ವ ತೀರಿಕೊಂಡ ಮೇಲೆ ಆಕೆಯ ಆರು ನೂಲಿನ ಸೀರೆಗಳನ್ನು ತೆಗೆದಿಟ್ಟುಕೊಂಡಿದ್ದೇನೆ. ಇಬ್ಬರು ಮಲಗುವ ಮಂಚಕ್ಕೆ 90 ಇಂಚು ಅಗಲ, 100 ಇಂಚು ಉದ್ದದ ಕೌದಿ ಹೊಲಿಯುವ ಆಸೆ. ಮೊದಲು ಹಳೆಯ ಬೆಡ್‌ಶೀಟುಗಳ ಮೇಲೆ ಮಷಿನ್ನಿನಲ್ಲಿ ಪ್ರಯತ್ನಿಸಿದೆ. ಸುರುಳಿ ಸುತ್ತಿದ ಬಟ್ಟೆ ಸೂಜಿಯ ಬಲಗಡೆ ಹಿಡಿಸಲಿಲ್ಲ, ಅಡಿಬದಿಯಲ್ಲಿ ನೆರಿಗೆ ಬಿತ್ತು. ತುಂಡುಗಳಾಗಿ ಹೊಲಿದು ಆಮೇಲೆ ಜೋಡಿಸಬಹುದೇ? ಜೋಡಣೆ ಉಬ್ಬದಂತೆ ಏನು ಮಾಡಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೆಡ್‌ಶೀಟುಗಳ ಮೇಲೆ ಮೊದಲು ಕೈಯಾಡಿಸಿ ನೋಡಿದ್ದು ಬಹಳ ಒಳ್ಳೆಯದಾಯಿತು. ಅವ್ವನ ಸೀರೆಗೆ ಕತ್ತರಿ ಇಟ್ಟ ಮೇಲೆ ಹಿಂದಿರುಗುವ ದಾರಿ ಇಲ್ಲ.

ಮನೆಯ ಮಷಿನ್ನಿನಲ್ಲಿ ಸೂಜಿಗೂ ಬಲಬದಿಯ ಕಂಬಕ್ಕೂ ನಡುವೆ ಇರುವುದು ಆರೇಳು ಇಂಚು ಜಾಗ. 90 ಇಂಚಿನ ಕೌದಿಯ ನಡುಗೆರೆ ಹೊಲಿಯುವಾಗ 45 ಇಂಚು ಬಟ್ಟೆ, ಅದೂ ಮೂರು ಪದರದ್ದು, ಆ ಕಿಂಡಿಯಲ್ಲಿ ತೂರಬೇಕು. ಅದನ್ನೇ 30 ಇಂಚಿನ ಮೂರು ಉದ್ದ ತುಂಡುಗಳಾಗಿ ಮಾಡಿದರೆ ನಡುಗೆರೆಯಲ್ಲೂ 15 ಇಂಚು ಸುತ್ತಿದರೆ ಸಾಕು. ಒಂಬತ್ತು ಚೌಕ ಮಾಡಿ ಎಂದು ಹೇಳುವವರಿದ್ದಾರೆ. ನಾನು ಉದ್ದ ತುಂಡುಗಳ ಪಕ್ಷ. ಚೌಕಗಳಾದರೆ ಆರು ಸಣ್ಣ ಜೋಡಣೆ, ಎರಡು ಉದ್ದ ಜೋಡಣೆ, ಮೇಲೆ ಮೂಲೆಗೆ ಮೂಲೆ ಕೂಡಿಸುವ ಕಷ್ಟ. ಉದ್ದ ತುಂಡುಗಳಾದರೆ ಎರಡೇ ಜೋಡಣೆ.

ಸೀರೆಯ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಐದೂವರೆ ಮೀಟರ್ ಎಂದರೆ ಸುಮಾರು 216 ಇಂಚು. ಒಂದು ಸೀರೆಯಲ್ಲಿ 104 ಇಂಚಿನ ಎರಡು ಉದ್ದ ಸಿಗುತ್ತವೆ, ಆರರಲ್ಲಿ ಹನ್ನೆರಡು. ಮೂರು ತುಂಡಿಗೆ ಮೂರು ಪದರದಂತೆ ನಿಮಗೆ ಬೇಕಾದದ್ದು ಒಂಬತ್ತು. ಮಿಕ್ಕ ಮೂರು ಅಂಚುಪಟ್ಟಿಗೂ ತೇಪೆಗೂ ಆಗುತ್ತವೆ. ಸೀರೆಯ ಅಗಲ 45 ಇಂಚಿನ ಆಸುಪಾಸಿನಲ್ಲಿರುವುದರಿಂದ ಸವೆದ ಭಾಗವನ್ನು ಬಿಟ್ಟು ಕತ್ತರಿಸಲು ಅವಕಾಶವೂ ಇದೆ. ಅವುಗಳಲ್ಲಿ ಇಳಕಲ್ ಸೀರೆ ಇದ್ದರೆ ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ನೂಲು ತೆಳುವಾಗಿದ್ದರೆ ಆ ಭಾಗ ತುಂಡಿನ ಒಳಗೆ, ಒತ್ತಾದ ಹೊಲಿಗೆಯ ನಡುವೆ ಬರಲಿ. ಜೋಡಣೆಯ ಗೆರೆಗೆ ಬರಬಾರದು.

ಈಗ ಮುಖ್ಯ ಮಾತು. ಜೋಡಣೆ ಚೆನ್ನಾಗಿ ಬರುವುದೋ ಕೆಡುವುದೋ ಎಂಬುದು ಜೋಡಿಸುವ ದಿನ ತೀರ್ಮಾನವಾಗುವುದಲ್ಲ, ಮೊದಲ ತುಂಡಿಗೆ ಮೊದಲ ಗೆರೆ ಹಾಕುವಾಗಲೇ ಆಗಿಬಿಟ್ಟಿರುತ್ತದೆ. ಕೂಡಬೇಕಾದ ಅಂಚಿನಿಂದ ಎರಡು ಇಂಚು ಒಳಗೇ ಹೊಲಿಗೆಯನ್ನು ನಿಲ್ಲಿಸಿ. ನನ್ನ ಮೊದಲ ಕೌದಿಯಲ್ಲಿ ನಾನು ಎಲ್ಲ ತುಂಡುಗಳನ್ನೂ ಅಂಚಿನವರೆಗೆ ಹೊಲಿದುಬಿಟ್ಟಿದ್ದೆ. ಪದರಗಳನ್ನು ಬಿಡಿಸಲು ಜಾಗವೇ ಇರಲಿಲ್ಲ. ಒಂದು ರಾತ್ರಿ ಪೂರ್ತಿ ಕೂತು ಅಂಚಿನ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಹಳೆಯ ಬಟ್ಟೆಯಲ್ಲಿ ಆ ಸೂಜಿಯ ತೂತುಗಳು ಇಂದಿಗೂ ಕಾಣುತ್ತವೆ.

ಮೇಲ್ಪದರವನ್ನು 32 ಇಂಚು, ನಡುಪದರ ಮತ್ತು ಅಸ್ತರನ್ನು 34 ಇಂಚು ಅಗಲಕ್ಕೆ ಕತ್ತರಿಸಿ. ಮೂರನ್ನೂ ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಒಂದೊಂದು ಗೇಣಿಗೆ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಹೊಲಿಗೆಯ ಗೆರೆಗಳು ಉದ್ದಕ್ಕೆ ಓಡಲಿ, ಅಡ್ಡಕ್ಕೆ ಬೇಡ. ಅಡ್ಡಗೆರೆ ಹಾಕಿದರೆ ಪ್ರತಿಯೊಂದು ಗೆರೆಯೂ ಅಂಚಿನ ಬಳಿ ತುಂಡಾಗಿ, ಆಮೇಲೆ ನೂರಾರು ದಾರದ ತುದಿಗಳನ್ನು ಗಂಟು ಹಾಕುತ್ತ ಕೂರಬೇಕಾಗುತ್ತದೆ.

ಹೊಲಿದಾಗ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಅಳತೆಗೆ ಕತ್ತರಿಸಿದ ಮೂರು ತುಂಡುಗಳು ಮೂರು ಅಳತೆಗೆ ಬಂದರೆ ಗಾಬರಿ ಬೇಡ, ಅದಕ್ಕೆಂದೇ ಹೆಚ್ಚು ಬಿಟ್ಟಿದ್ದು. ಗೆರೆಗಳ ನಡುವಿನ ಅಂತರ ಮೂರರಲ್ಲೂ ಒಂದೇ ಇದ್ದರೆ ವ್ಯತ್ಯಾಸ ಕಡಿಮೆ. ಎಲ್ಲ ಮುಗಿದ ಮೇಲೆ ಮೇಲ್ಪದರಗಳನ್ನು 31 ಇಂಚಿಗೆ ಸಮ ಮಾಡಿ. ಯಾವುದಾದರೂ ಅದಕ್ಕಿಂತ ಚಿಕ್ಕದಾಗಿದ್ದರೆ ಉಳಿದವನ್ನೂ ಅದರ ಅಳತೆಗೇ ತನ್ನಿ.

ಇನ್ನು ಜೋಡಣೆ. ಮೂರು ಪದರದ ತುಂಡುಗಳನ್ನು ಸುಮ್ಮನೆ ಮುಖಕ್ಕೆ ಮುಖ ಸೇರಿಸಿ ಹೊಲಿದು ಅಂಚನ್ನು ಒಂದು ಬದಿಗೆ ಮಲಗಿಸಿದರೆ ಆ ಗೆರೆಯಲ್ಲಿ ಒಂಬತ್ತು ಪದರ ಕೂಡುತ್ತದೆ. ನೀವು ಹೆದರುವ ಉಬ್ಬು ಅದೇ. ಆದ್ದರಿಂದ ಒಂದೊಂದು ಪದರವನ್ನು ಬೇರೆ ಬೇರೆಯಾಗಿ ಕೂಡಿಸಬೇಕು. ನಡುಪದರ, ಅಸ್ತರುಗಳನ್ನು ಹಿಂದಕ್ಕೆ ಮಡಿಸಿ ಪಿನ್ನು ಚುಚ್ಚಿಡಿ. ಮೇಲ್ಪದರಗಳನ್ನಷ್ಟೇ ಮುಖಕ್ಕೆ ಮುಖ ಇಟ್ಟು ಅರ್ಧ ಇಂಚಿನಲ್ಲಿ ಮಷಿನ್ ಹೊಲಿಗೆ ಹಾಕಿ, ಅಂಚನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ. ಕೌದಿಯನ್ನು ಬೋರಲು ಹಾಕಿ. ಎರಡೂ ನಡುಪದರಗಳು ಹೊಲಿಗೆಯ ಗೆರೆಯ ಮೇಲೆ ಒಂದಕ್ಕೊಂದು ತಾಗುವಂತೆ, ಆದರೆ ಒಂದರ ಮೇಲೊಂದು ಏರದಂತೆ ಕತ್ತರಿಸಿ. ತಾಗಿದ ಅಂಚುಗಳನ್ನು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಸಡಿಲವಾಗಿ ಕೈಹೊಲಿಗೆ ಹಾಕಿ ಕೂಡಿಸಿ. ದಾರ ಬಿಗಿದರೆ ಅಲ್ಲಿ ಏಣು ಏಳುತ್ತದೆ. ಕೊನೆಗೆ ಅಸ್ತರು: ಒಂದು ಬದಿಯದನ್ನು ಗೆರೆಯಿಂದ ಅರ್ಧ ಇಂಚು ಆಚೆಗೆ ಬಿಟ್ಟು ಕತ್ತರಿಸಿ ಸಪಾಟಾಗಿ ಮಲಗಿಸಿ. ಇನ್ನೊಂದನ್ನು ಒಂದು ಇಂಚು ಬಿಟ್ಟು, ಅರ್ಧ ಇಂಚು ಒಳಕ್ಕೆ ಮಡಿಸಿ, ಅದರ ಮೇಲೆ ಕೂರಿಸಿ ಹೆಮ್ಮಿಂಗ್ ಮಾಡಿ.

ಈಗ ಜೋಡಣೆಯ ಎರಡು ಪಕ್ಕದಲ್ಲೂ ಸೇರಿ ನಾಲ್ಕು ಇಂಚಿನ ಪಟ್ಟಿ ಹೊಲಿಗೆಯಿಲ್ಲದೆ ಉಳಿದಿರುತ್ತದೆ. ಉಳಿದ ಕಡೆ ಎಷ್ಟು ಅಂತರದಲ್ಲಿ ಗೆರೆಗಳಿವೆಯೋ ಅಷ್ಟೇ ಅಂತರದಲ್ಲಿ ಇಲ್ಲೂ ಎಳೆದುಬಿಡಿ. ಗೆರೆಗಳು ತುಂಬಿದ ಮೇಲೆ ಜೋಡಣೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಮಷಿನ್ನಿನಲ್ಲೇ ಹೊಲಿಯುವುದಾದರೆ ಒಂದೇ ತುಂಡು ಇರುವ ಬದಿ ಬಲಗಡೆಗೆ, ಎರಡು ತುಂಡು ಇರುವ ಭಾರದ ಬದಿ ಎಡಗಡೆಗೆ ಬರುವಂತೆ ಕೌದಿಯನ್ನು ತಿರುಗಿಸಿಕೊಳ್ಳಿ. ನನ್ನನ್ನು ಕೇಳಿದರೆ, ಈ ನಾಲ್ಕು ಇಂಚನ್ನು ಕೈಯಲ್ಲೇ ಹೊಲಿಯಿರಿ. ಮೂರು ಪದರದ ಹಳೆಯ ಸೀರೆಯಲ್ಲಿ ಸೂಜಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ.

ಪ್ರಶ್ನೆ: ನಾನು ನಡುವೆ ಹತ್ತಿಯ ಮೆತ್ತನೆಯ ಹಾಸು (ವ್ಯಾಡಿಂಗ್) ಹಾಕಿ ಚೌಕಗಳನ್ನು ಅಂಚಿನವರೆಗೂ ಹೊಲಿದು ಮುಗಿಸಿದ್ದೇನೆ. ಇನ್ನು ಬಿಚ್ಚಲಾರೆ. ದಾರಿ ಇದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇದೆ, ಬಿಚ್ಚಬೇಡಿ. ಪಟ್ಟಿ ಹಾಕಿ ಜೋಡಿಸಿ. ಚೌಕಗಳನ್ನು ಒಂದೇ ಅಳತೆಗೆ, ಎಲ್ಲ ಪದರಗಳೂ ಸಮವಾಗುವಂತೆ ಕತ್ತರಿಸಿಕೊಳ್ಳಿ. ಮುಂಬದಿಗೆ ಒಂದು ಇಂಚು ಅಗಲದ ಪಟ್ಟಿ, ಹಿಂಬದಿಗೆ ಒಂದೂಮುಕ್ಕಾಲು ಇಂಚಿನ ಪಟ್ಟಿಯನ್ನು ಎರಡಾಗಿ ಮಡಿಸಿ ಇಸ್ತ್ರಿ ಮಾಡಿದ್ದು. ಮೊದಲ ಚೌಕದ ಮುಂದೆ ಒಂದು, ಹಿಂದೆ ಒಂದು ಪಟ್ಟಿಯಿಟ್ಟು ಮೂರನ್ನೂ ಕಾಲು ಇಂಚಿನಲ್ಲಿ ಒಟ್ಟಿಗೆ ಹೊಲಿಯಿರಿ. ಮುಂಬದಿಯ ಪಟ್ಟಿಯ ಇನ್ನೊಂದು ಅಂಚನ್ನು ಎರಡನೆಯ ಚೌಕಕ್ಕೆ ಕಾಲು ಇಂಚಿನಲ್ಲಿ ಕೂಡಿಸಿ. ಬಿಡಿಸಿದಾಗ ಮುಂದೆ ಅರ್ಧ ಇಂಚಿನ ಪಟ್ಟಿ ಕಾಣುತ್ತದೆ. ಅದರ ಕೆಳಗೆ ಎರಡು ಚೌಕಗಳ ಕಾಲು ಕಾಲು ಇಂಚು ಎದುರುಬದುರಾಗಿ ಕೂತು ಜಾಗ ತುಂಬುತ್ತವೆ, ಟೊಳ್ಳು ಉಳಿಯುವುದಿಲ್ಲ. ಹಿಂಬದಿಯ ಮಡಿಕೆಯನ್ನು ಎಳೆದು ಎರಡನೆಯ ಹೊಲಿಗೆಯನ್ನು ಮುಚ್ಚಿ ಹೆಮ್ಮಿಂಗ್ ಮಾಡಿ. ಇಲ್ಲಿ ಕಾಲು ಇಂಚು ಎಂದರೆ ಕಾಲೇ ಇಂಚು. ಹೆಚ್ಚು ಹಿಡಿದರೆ ಮಡಿಕೆ ಆಚೆ ದಡ ಮುಟ್ಟುವುದಿಲ್ಲ.

ಪಟ್ಟಿಗಳು ಗೆರೆಗಳಾಗಿ ಕಂಡೇ ಕಾಣುತ್ತವೆ. ಆದ್ದರಿಂದ ಮರೆಮಾಡುವ ಬಣ್ಣಕ್ಕಿಂತ ಎದ್ದು ಕಾಣುವ ಬಣ್ಣ, ಸೀರೆಯ ಅಂಚಿನ ಕೆಂಪೋ ಹಸಿರೋ, ಚೆನ್ನಾಗಿರುತ್ತದೆ. ಹೊಸ ಬಟ್ಟೆಯಾದರೆ ಮೊದಲೇ ನೀರಿಗೆ ಹಾಕಿ ಬಣ್ಣ ಬಿಡುತ್ತದೆಯೇ ನೋಡಿ.

ಪ್ರಶ್ನೆ: ನಾವು ನಾಲ್ವರು ಅಕ್ಕತಂಗಿಯರು ನಾಲ್ಕು ಊರಿನಲ್ಲಿದ್ದೇವೆ. ತಲಾ ಒಂದು ಭಾಗ ಪೂರ್ತಿ ಮುಗಿಸಿ, ಹಬ್ಬಕ್ಕೆ ಸೇರಿದಾಗ ಕೂಡಿಸಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಧಾರಾಳವಾಗಿ. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿ 19ನೆಯ ಶತಮಾನದಲ್ಲೇ ಈ ರೂಢಿಯಿತ್ತು. ಪ್ರತಿ ಚೌಕವನ್ನೂ ಹೊಲಿದು, ಸುತ್ತ ಅಂಚು ಕಟ್ಟಿ, ಆಮೇಲೆ ಅಂಚಿಗೆ ಅಂಚು ಹೊಲಿದು ಕೂಡಿಸುತ್ತಿದ್ದರು. 1861ರಿಂದ 1865ರವರೆಗಿನ ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಹೆಂಗಸರು ಸೈನಿಕರಿಗಾಗಿ ಹೀಗೆ ಮಾಡಿದ ಹೊದಿಕೆಗಳು ಇಂದಿಗೂ ಉಳಿದಿವೆ. ನಾಲ್ವರೂ ಒಂದೇ ಕಾಗದದ ಅಳತೆ ಇಟ್ಟುಕೊಳ್ಳಿ, ಅಂಚಿನ ಬಟ್ಟೆಯನ್ನು ಒಬ್ಬರೇ ಕೊಂಡು ಹಂಚಿ. ಕೂಡಿಸುವಾಗ ಎರಡು ಎಳೆ ದಾರದಿಂದ, ಅಂಚಿನ ನೂಲನ್ನಷ್ಟೇ ಹಿಡಿದು, ಒತ್ತೊತ್ತಾಗಿ ಸುತ್ತುಹೊಲಿಗೆ ಹಾಕಿ.

ಪ್ರಶ್ನೆ: ಯಲ್ಲಾಪುರದ ಕಡೆ ನೋಡಿದ ಸಿದ್ದಿ ಕೌದಿಯ ಹಾಗೆ ಮಾಡಬೇಕೆಂದಿದ್ದೇನೆ. ಅದನ್ನೂ ತುಂಡುಗಳಲ್ಲಿ ಹೊಲಿಯಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡುತ್ತಾರೆ. ಅಸ್ತರಿನ ಅಂಚನ್ನು ಒಳಮಡಿಸಿ, ಬಟ್ಟೆ ತುಂಡುಗಳನ್ನು ಒಂದೊಂದಾಗಿ ಇಡುತ್ತ, ಸುತ್ತ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಪ್ರತ್ಯೇಕ ಅಂಚುಪಟ್ಟಿಯೇ ಇಲ್ಲ. ಆ ಸುತ್ತುಗಳು ಎಲ್ಲೂ ಕಡಿಯದೆ ಒಳಕ್ಕೆ ಹರಿಯುವುದೇ ಅದರ ಚೆಲುವು. ತುಂಡು ಮಾಡಿದರೆ ಪ್ರತಿ ಜೋಡಣೆಯಲ್ಲೂ ಅದು ನಿಂತುಹೋಗುತ್ತದೆ. ಕೈಯಲ್ಲಿ ಹೊಲಿಯುವವರಿಗೆ ಮಷಿನ್ನಿನ ಕಿಂಡಿಯ ಅಡ್ಡಿಯೂ ಇಲ್ಲವಲ್ಲ. ಮೊದಲಿಗೆ 36 ಇಂಚಿಗೆ 45 ಇಂಚಿನ ಮಗುವಿನ ಕೌದಿಯೊಂದನ್ನು ಇಡಿಯಾಗಿ ಮಾಡಿ ನೋಡಿ. ಮೂಲೆಗಳಿಗೆ ಅವರು ‘ಫೂಲ್’ ಎನ್ನುವ, ಬಟ್ಟೆ ಮಡಿಸಿ ಮಾಡಿದ ತ್ರಿಕೋನಗಳನ್ನು ಇಡಲು ಮರೆಯಬೇಡಿ. ಅವಿಲ್ಲದ ಕೌದಿಯನ್ನು ಅವರು ಬೆತ್ತಲೆ ಎಂದೇ ಎಣಿಸುತ್ತಾರೆ.