ಅಗಲದ ರಸ್ತೆ ಇದ್ದೂ ಸುತ್ತು ಹಾಕಬೇಕು, ಯಾಕೆ?

ಪ್ರಶ್ನೆ: ತುಮಕೂರಿನ ಅಂಚಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದೇವೆ. ಒಳಗೆ 30 ಅಡಿ ರಸ್ತೆಗಳು, ನೀಟಾಗಿವೆ. ಆದರೆ ಮಹಡಿ ಮೇಲಿಂದ ಕಾಣುವ ಶಾಲೆಗೆ ಮಗಳನ್ನು ಬಿಡಲು ಮೇನ್ ರೋಡಿಗೆ ಹೋಗಿ ಸುತ್ತಿ ಬರಬೇಕು. ಊರು ಬೆಳೆದಂತೆ ಇದು ಸರಿಹೋಗುತ್ತದಾ?

ಉತ್ತರ: ತಾನಾಗಿ ಅಂತೂ ಇಲ್ಲ.

ರಸ್ತೆ ಅಗಲ ಇರುವುದು ಬೇರೆ, ರಸ್ತೆಗಳು ಒಂದಕ್ಕೊಂದು ಕೂಡುವುದು ಬೇರೆ. ಅಳೆಯುವುದು ಸುಲಭ. ನಾಲ್ಕು ದಾರಿ ಸೇರುವ ಜಾಗಕ್ಕೆ 4 ಅಂಕ, ಮೂರು ಸೇರಿದರೆ 3, ರಸ್ತೆ ಗೋಡೆಗೆ ಹೋಗಿ ನಿಂತರೆ 1. ಸರಾಸರಿ ಜಾಸ್ತಿ ಬಂದಷ್ಟೂ ಸಾಮಾನ್ಯವಾಗಿ ಸುತ್ತು ಕಡಿಮೆ. ಹಳೇ ಪೇಟೆ ಬೀದಿಗಳು ಇಕ್ಕಟ್ಟು, ಕಾರು ತಿರುಗಿಸಲು ಒದ್ದಾಡಬೇಕು, ಆದರೂ ಒಂದು ಬೀದಿಯಲ್ಲಿ ಚಪ್ಪರ ಹಾಕಿದ್ದರೆ ಪಕ್ಕದ್ದರಲ್ಲಿ ನುಗ್ಗಿ ಹೋಗಬಹುದು, ಅಲ್ವಾ?

ಹೊಸ ಬಡಾವಣೆಗಳು ಹುಟ್ಟುವ ರೀತಿಯೇ ಬೇರೆ. ಈ ಸರ್ವೆ ನಂಬರಿನಲ್ಲಿ ಒಬ್ಬರ ಲೇಔಟ್, ಆಚೆಯದರಲ್ಲಿ ಇನ್ನೊಬ್ಬರದು, ನಡುವೆ ಇನ್ನೂ ಮಾರದ ರಾಗಿ ಹೊಲ. ಎಷ್ಟೋ ಮಂದಿ ಮೇನ್ ರೋಡಿಗೆ ಒಂದು ಬಾಯಿ ಬಿಟ್ಟು ಮೂರು ಕಡೆ ಕಾಂಪೌಂಡ್ ಏರಿಸುತ್ತಾರೆ, ಯಾಕೆಂದರೆ ಅಂಚಿನವರೆಗೂ ರಸ್ತೆ ಎಳೆದರೆ ಒಂದೆರಡು ಸೈಟು ಕೈತಪ್ಪುತ್ತದೆ, ಪಕ್ಕದವರಿಗೆ ಸುಮ್ನೆ ದಾರಿ ಬಿಟ್ಟುಕೊಟ್ಟಂತೆಯೂ ಆಗುತ್ತದೆ. ಕೊನೆಗೆ ಎಲ್ಲರ ಗಾಡಿಯೂ ಬಿ.ಎಚ್. ರಸ್ತೆಗೋ ಕುಣಿಗಲ್ ರಸ್ತೆಗೋ ಬಂದು ಬೀಳುತ್ತದೆ. ಆಮೇಲೆ ಅದನ್ನು ಅಗಲ ಮಾಡಿ ಅಂತ ನಾವೇ ಕೂಗುತ್ತೇವೆ.

ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. 20ನೇ ಶತಮಾನದ ಬಹುಪಾಲು ಅವಧಿಯಲ್ಲಿ ಹೊಸ ಬೀದಿಗಳು ಕೂಡುವುದು ಕಡಿಮೆಯಾಗುತ್ತಲೇ ಹೋಯಿತು. 1990ರ ದಶಕದ ಮಧ್ಯದಿಂದ ಸುಧಾರಿಸಿತು, ಅದೂ ಹೊಸದಾಗಿ ಹಾಕಿದ ಬೀದಿಗಳಲ್ಲಿ. ಹಳೆಯವು ಬಹುತೇಕ ಹಾಗೇ ಉಳಿದವು. ಮನೆಯನ್ನು ಕೆಡವಿ ಕಟ್ಟಬಹುದು, ಬೀದಿಯನ್ನು ಹಾಗೆ ಮಾಡಲಾಗುವುದಿಲ್ಲ, ಅದರ ಎರಡೂ ಬದಿ ಹತ್ತಾರು ಜನರ ಹೆಸರಿಗೆ ನೋಂದಣಿ ಆಗಿರುತ್ತದೆ.

ನೀವು ಮೊದಲು ಗ್ರಾಮ ನಕಾಶೆ ತೆಗೆಸಿ. ಹೊಲಗಳ ನಡುವೆ ಬಂಡಿದಾರಿ, ಕಾಲುದಾರಿ ಗುರುತಿಸಿದೆಯಾ ನೋಡಿ. ದಾಖಲೆಯಲ್ಲಿ ಅದು ಬಿ ಖರಾಬು ಅಂತ ಇದ್ದರೆ ಸಾರ್ವಜನಿಕರ ಜಾಗ, ಲೇಔಟ್ ಮಾಡಿದವರದ್ದಲ್ಲ. ಮುಚ್ಚಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ನನ್ನ ಪ್ರಕಾರ ಊರಿಗೆ ಸಿಗುವ ಅತಿ ಅಗ್ಗದ ಕೂಡುರಸ್ತೆ ಇದೇ. ಅನುಮೋದಿತ ನಕ್ಷೆಯನ್ನೂ ನೋಡಿ, ಅದರಲ್ಲಿ ರಸ್ತೆ ಇದ್ದು ನೆಲದ ಮೇಲೆ ಗೋಡೆ ಇದ್ದರೆ ಕೇಳುವ ಹಕ್ಕು ನಿಮಗಿದೆ. ಪಕ್ಕದ ಹೊಲ ಇನ್ನೂ ಲೇಔಟ್ ಆಗಿಲ್ಲವಾ? ಹಾಗಾದರೆ ಈಗಲೇ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ (ಟೂಡಾ) ಬರೆಯಿರಿ, ಅವರ ರಸ್ತೆ ನಿಮ್ಮ ರಸ್ತೆಗೆ ಎದುರಾಗಿ ಬರಲಿ ಅಂತ. ಸೈಟು ಮಾರಿದ ಮೇಲೆ ಬರೆದು ಪ್ರಯೋಜನವಿಲ್ಲ.

ಹೊರಗಿನ ಕಾರು ನುಗ್ಗುತ್ತವೆ ಅಂತ ನಿಮ್ಮ ಲೇಔಟಿನವರೇ ಅಡ್ಡ ಬರಬಹುದು. ಆಗ ಆರು ಅಡಿ ದಾರಿಯನ್ನಷ್ಟೇ ಕೇಳಿ, ಬಾಯಿಗೆ ಎರಡು ಕಲ್ಲುಕಂಬ ನೆಡಿಸಿ. ಮಕ್ಕಳು, ಸೈಕಲ್ಲು ದಾಟಿದರೆ ಸಾಕು.